ಮೊದಲ ಗುಟುಕು ಕೊಟ್ಟವರದು

ಮಾರಾದೇಬೆಗೆ ಆ ದಿನ ಬೆಳಿಗ್ಗೆಯಿಂದಲೇ ಸಿಟ್ಟು ಮೂಗಿನ ತುದಿಯಲ್ಲಿ ಕೂತಿತ್ತು. ಆಸ್ಪತ್ರೆಯ ನರ್ಸಮ್ಮ ಆಡಿದ ಮಾತು ಮೂರು ದಿನವಾದರೂ ಕಿವಿಯಿಂದ ಇಳಿದಿರಲಿಲ್ಲ.

"ಬಕೆಟ್ ಸರಿಯಾಗಿ ತೊಳೀರಮ್ಮಾ. ಮನೆಯ ಕೊಳೆಯಿಂದ್ಲೇ ಮಗೂಗೆ ಹೀಗಾಗೋದು."

ಕೊಳೆಯಂತೆ! ಮೂವತ್ತು ವರ್ಷದಿಂದ ಲುತೂಬೆನಿ ಊರಿನ ಮದುವೆಗೆ, ಸಾವಿಗೆ, ಹುಡುಗರು ಗಂಡಸರಾಗಿ ಗುಡ್ಡದಿಂದ ಇಳಿದು ಬರುವ ಹಬ್ಬಕ್ಕೆ ಜೋಳದ ಹೆಂಡ ಕಾಯಿಸುವವಳು ಅವಳು. ಪೀಪಾಯಿಯಲ್ಲಿ ಒಂದು ಜಿಡ್ಡಿನ ಕಲೆ ಉಳಿದರೂ ಹೆಂಡ ಕೆಟ್ಟುಹೋಗುತ್ತದೆ. ಅವಳ ಹೆಂಡ ಒಂದು ಸಲವೂ ಕೆಟ್ಟದ್ದಿಲ್ಲ. ಅಂಥವಳಿಗೆ ಬಕೆಟ್ ತೊಳೆಯುವ ಪಾಠ ಹೇಳಿದ್ದಳು ಮೊನ್ನೆ ಮೊನ್ನೆ ನರ್ಸಿನ ಟೋಪಿ ಹಾಕಿಕೊಂಡ ಹುಡುಗಿ.

ಆದರೂ ಮನಸ್ಸು ಕೇಳಬೇಕಲ್ಲ. ಮನೆಗೆ ಬಂದವಳೇ ಇದ್ದಬದ್ದ ಬಕೆಟ್ಟುಗಳನ್ನೆಲ್ಲ ಮರಳು, ಸೋಪು ಹಾಕಿ ಬೆರಳ ಸಂದಿ ಬಿರಿಯುವಷ್ಟು ಉಜ್ಜಿದ್ದಳು. ಮೊಮ್ಮಗಳು ಲುಲಮಾಗೆ ನಾಲ್ಕು ವರ್ಷ. ವಾಂತಿ, ಭೇದಿ ಹಿಡಿದು ಒಂದೇ ದಿನದಲ್ಲಿ ಕಣ್ಣು ಗುಳಿಗೆ ಇಳಿದುಹೋಗಿ, ಅತ್ತರೆ ಕಣ್ಣೀರೂ ಬಾರದಂತಾಗಿ ಆಸ್ಪತ್ರೆ ಸೇರಿದ್ದಳು. ನಾಳೆ ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು ಡಾಕ್ಟರು. ಇನ್ನೊಂದು ಸಲ ಹೀಗಾದರೆ ಮಗು ತಡೆಯುವುದಿಲ್ಲ ಎಂದೂ ಹೇಳಿದ್ದರು. ಹಾಗಾದರೆ ನಾಳೆ ಮಗು ನೀರು ಕೇಳಿದಾಗ ಏನು ಕೊಡುವುದು? ತಪ್ಪು ತನ್ನ ಬಕೆಟ್ಟಿನದೋ, ಅಂಗಳದ ನಲ್ಲಿಯದೋ? ತನ್ನ ಕೈಯಿಂದಲೇ ಹೀಗಾಯಿತೋ? ಇದೊಂದು ಗೊತ್ತಾಗುವವರೆಗೆ ಅವಳಿಗೆ ಅನ್ನ ಸೇರುವ ಹಾಗಿರಲಿಲ್ಲ.

ನಲ್ಲಿಯ ಮೇಲೆ ಅನುಮಾನ ಪಡಲೂ ಅವಳಿಗೆ ನಾಚಿಕೆ. ಏಕೆಂದರೆ ಆ ನೀರನ್ನು ಬೀದಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದವಳು ಅವಳೇ.

ಮೊದಲಾದರೆ ನಲ್ಲಿ ತಿರುಗಿಸಿದರೆ ಔಷಧಿಯ ವಾಸನೆ ಗಪ್ಪೆಂದು ಬಡಿಯುತ್ತಿತ್ತು. ಆ ನೀರಲ್ಲಿ ಹೆಂಡಕ್ಕೆ ಹಿಟ್ಟು ಕಲಸಿಟ್ಟರೆ ಎರಡು ದಿನವಾದರೂ ಹುಳಿ ಬರುತ್ತಿರಲಿಲ್ಲ. ಅದಕ್ಕೇ ಅವಳು ನೀರನ್ನು ಒಂದು ದಿನ ಬಾಯಿ ತೆರೆದಿಟ್ಟು, ವಾಸನೆ ಹಾರಿದ ಮೇಲೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದಳು. ಆರು ವಾರದ ಹಿಂದೆ ಆ ವಾಸನೆ ಇದ್ದಕ್ಕಿದ್ದಂತೆ ಮಾಯವಾಯಿತು. ಹಿಟ್ಟು ಬೆಳಗಾಗುವುದರೊಳಗೆ ಹುಳಿ ಬಂದು ಉಕ್ಕತೊಡಗಿತು. ಮಾರಾದೇಬೆಗೆ ಹಿಗ್ಗೋ ಹಿಗ್ಗು. ಪಕ್ಕದ ಮನೆಯ ಬಾಬಾಲ್ವಾ ನೀರಿನ ಕಾರ್ಖಾನೆಯಲ್ಲಿ ನೀರು ಪರೀಕ್ಷೆ ಮಾಡುವವಳು. ಬೇಲಿಯ ಮೇಲಿಂದಲೇ ಅವಳನ್ನು ಕರೆದು ಹೇಳಿದ್ದಳು.

"ಏನೇ ತಂಗಿ, ಕೊನೆಗೂ ನಿಮ್ಮೋರಿಗೆ ಬುದ್ಧಿ ಬಂತು ನೋಡು! ಈಗ ನೀರು ನೀರಾಗಿದೆ. ತೊರೆ ನೀರಿನ್ಹಾಗೆ ಸಿಹಿ."

"ಹೌದಾ ಅಮ್ಮಾ," ಎಂದಿದ್ದಳು ಬಾಬಾಲ್ವಾ. ಅಷ್ಟು ಹೇಳಿ ಒಳಗೆ ಹೋಗಿದ್ದಳು.

ಈಚೆಗೆ ಅವಳು ಹಾಗೆಯೇ, ಎರಡು ಮಾತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಂಜೆಯಾದರೆ ಅವಳ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುವುದು ಕಿಟಕಿಯಿಂದ ಕಾಣುತ್ತಿತ್ತು. ಇವಳೂ ಕದ್ದುಮುಚ್ಚಿ ಹೆಂಡ ಕಾಯಿಸಲು ಶುರು ಮಾಡಿದಳಲ್ಲ ಎಂದು ಮಾರಾದೇಬೆಗೆ ಹೊಟ್ಟೆ ಉರಿದಿತ್ತು. "ಹದ ಗೊತ್ತಾಗ್ದಿದ್ರೆ ಕೇಳೇ, ಮುಚ್ಚಿಡೋದ್ಯಾಕೆ?" ಎಂದು ಒಂದೆರಡು ಸಲ ಚುಚ್ಚಿದ್ದಳು. ಆ ಹುಡುಗಿಯ ಎರಡೂ ಬಾಣಂತನ ಮಾಡಿದವಳು ಅವಳು, ಚುಚ್ಚುವ ಹಕ್ಕಾದರೂ ಬೇಡವೇ? ಬಾಬಾಲ್ವಾ ಹಲ್ಲು ಕಿರಿದಿದ್ದಳು ಅಷ್ಟೆ.

ಆಮೇಲೆ ಬೀದಿಯಲ್ಲಿ ಒಂದೊಂದಾಗಿ ಮಕ್ಕಳು ಹಾಸಿಗೆ ಹಿಡಿಯತೊಡಗಿದವು. ಒಂದೇ ಬೀದಿಯಲ್ಲಿ ಹನ್ನೊಂದು. ಹನ್ನೊಂದು ಮನೆಯ ಬಕೆಟ್ಟುಗಳೂ ಒಂದೇ ಸಲ ಕೊಳಕಾದವೇ? ಅದನ್ನು ಕೇಳಲೆಂದೇ ಮಾರಾದೇಬೆ ಆ ದಿನ ಪುರಸಭೆಯ ಸಭೆಗೆ ಹೊರಟಳು. ಹೋಗುವಾಗ ಹೆಂಡ ಹಂಚುವ ತಗಡಿನ ಚೊಂಬನ್ನು ಶಾಲಿನೊಳಗೆ ಇಟ್ಟುಕೊಂಡಳು.

ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಮೇಯರ್ ನ್ಯೊಕಾನ, ಅವರ ಆಚೀಚೆ ಕೋಟು ತೊಟ್ಟ ನಾಲ್ವರು, ಎಲ್ಲರ ಮುಂದೂ ಅಂಗಡಿಯಿಂದ ತಂದ ನೀರಿನ ಬಾಟಲಿ. ಆ ಬಾಟಲಿ ಕಂಡದ್ದೇ ಅವಳ ಮೈ ಉರಿದುಹೋಯಿತು. ನಾಚಿಕೆಗೆಟ್ಟವರು, ಬಟ್ಟೆಯಾದರೂ ಮುಚ್ಚಬಾರದಿತ್ತೇ?

"ತಾಯಂದಿರೇ, ನಮ್ಮ ನೀರು ಪರೀಕ್ಷೇಲಿ ಪಾಸಾಗಿದೆ," ಎಂದರು ಮೇಯರ್, ಒಂದು ಕಾಗದ ಎತ್ತಿ ಹಿಡಿದು. "ದಿನಾ ಅಳೆದು ಬರೆದಿದಾರೆ, ಇಲ್ನೋಡಿ. ತಪ್ಪಿರೋದು ನಮ್ಮ ನಮ್ಮ ಅಡುಗೆಮನೇಲಿ. ಬಕೆಟ್ ತೊಳೀರಿ, ಕೈ ತೊಳೀರಿ."

"ಮತ್ತೆ ಆ ಬಾಟ್ಲಿ ಯಾಕಪ್ಪಾ, ಕಾಲು ತೊಳ್ಕೊಳ್ಳೋಕಾ?" ಎಂದಿತು ಹಿಂದಿನಿಂದ ಒಂದು ಗಂಡು ದನಿ. ಜನ ನಕ್ಕರು. ಮೇಯರ್ ಕೂಡ ನಕ್ಕರು.

ಆ ನಗು ಮಾರಾದೇಬೆಯ ತಾಳ್ಮೆಯನ್ನು ಕೆಡಿಸಿತು. ಎದ್ದು ಹೊರಗೆ ಹೋಗಿ, ಸಭಾಂಗಣದ ಅಂಗಳದ ನಲ್ಲಿಯಿಂದ ಚೊಂಬು ತುಂಬಿಕೊಂಡು ಬಂದು, ನೇರ ವೇದಿಕೆಯ ಮುಂದೆ ನಿಂತಳು.

"ನ್ಯೊಕಾನ, ನಿನ್ನ ಅಪ್ಪನ ಸಾವಿಗೆ ಹೆಂಡ ಕಾಯ್ಸಿದ್ದು ಯಾರು?"

"ನೀವೇ ಅಲ್ವಾ ಅಮ್ಮಾ."

"ಮೊದಲ ಗುಟುಕು ಯಾರು ಕುಡಿದ್ರು?"

ಮೇಯರ್ ಕಾಗದವನ್ನು ಕೆಳಗಿಟ್ಟರು. ಆ ಸೀಮೆಯಲ್ಲಿ ಅದು ಎಳೆ ಮಗುವಿಗೂ ಗೊತ್ತು. ಹೆಂಡ ಕೊಡುವವರು ಎಲ್ಲರೆದುರು ತಾವು ಮೊದಲು ಒಂದು ಗುಟುಕು ಕುಡಿದು ತೋರಿಸಬೇಕು, ಇದರಲ್ಲಿ ವಿಷವಿಲ್ಲ ಎಂದು. ಯಾರೂ ಕೇಳುವುದಿಲ್ಲ, ಕೊಟ್ಟವರೇ ಕುಡಿಯುತ್ತಾರೆ. ಬಾಯಿಬಿಟ್ಟು ಕೇಳಿದರೆ ನೀನು ವಿಷ ಹಾಕಿದ್ದೀಯ ಎಂದು ಮುಖಕ್ಕೆ ಹೊಡೆದಂತೆ ಹೇಳಿದ ಹಾಗೆ. ನೆಂಟಸ್ತಿಕೆಯೇ ಮುರಿದುಬೀಳುವ ಮಾತು ಅದು.

"ಈ ನೀರು ಕೊಟ್ಟೋನು ನೀನು. ತಗೋ, ಮೊದ್ಲು ನೀನು ಕುಡಿ," ಎಂದು ಅವಳು ಚೊಂಬನ್ನು ಚಾಚಿದಳು.

ಮೇಯರ್ ಹಣೆ ಒರೆಸಿಕೊಂಡರು. ಆಮೇಲೆ ಏನೋ ಹೊಳೆದವರಂತೆ ಮುಖ ಅರಳಿಸಿದರು.

"ನಾನು ಕುಡಿದ್ರೆ ರಾಜಕೀಯ ಅಂತೀರಿ. ನೀರು ಅಳೆಯೋ ಹುಡುಗೀನೇ ಇಲ್ಲಿದಾಳಲ್ಲ, ನಿಮ್ಮ ಬೀದಿಯೋಳೇ. ಬಾಬಾಲ್ವಾ, ಬಾಮ್ಮ. ಕುಡಿದು ತೋರ್ಸು."

ಗೋಡೆಯ ಪಕ್ಕ ಕಾರ್ಖಾನೆಯ ನೀಲಿ ಅಂಗಿಯಲ್ಲಿ ನಿಂತಿದ್ದ ಬಾಬಾಲ್ವಾ ಕಾಲೆಳೆದುಕೊಂಡು ಬಂದಳು. ಚೊಂಬು ತೆಗೆದುಕೊಂಡು ಬಾಯಿಯ ಹತ್ತಿರ ತಂದಳು. ಮಾರಾದೇಬೆ ಅವಳ ಗಂಟಲನ್ನೇ ನೋಡುತ್ತ ನಿಂತಳು. ಇವಳು ಕುಡಿದರೆ ತಪ್ಪು ತನ್ನದು, ತನ್ನ ಬಕೆಟ್ಟಿನದು. ಕುಡಿದುಬಿಡೇ ಎಂದು ಒಂದು ಮನಸ್ಸು, ಕುಡೀಬೇಡ ಎಂದು ಇನ್ನೊಂದು.

ಬಾಬಾಲ್ವಾಳ ತುಟಿ ಚೊಂಬಿಗೆ ತಾಗಲಿಲ್ಲ. ಕೈ ಕೆಳಗಿಳಿಯಿತು. ನೀರು ಅವಳ ಶೂಗಳ ಮೇಲೆ ಚೆಲ್ಲಿತು.

"ನಾನು ಕುಡಿಯಲ್ಲ," ಎಂದಳು. "ಆರು ವಾರದಿಂದ ನೀರಿಗೆ ಕ್ಲೋರಿನ್ ಬೀಳ್ತಿಲ್ಲ. ಔಷಧಿ ಹಾಕೋ ಪಂಪು ಕೆಟ್ಟಿದೆ. ಎಲ್ಲ ಸರಿ ಇದೆ ಅಂತ ಬರಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡ ಅಂದ್ರು ಮೇಲಿನೋರು. ಬರೆದೆ. ಆ ಕಾಗದದಲ್ಲಿರೋದೆಲ್ಲ ನನ್ನ ಕೈಬರಹ. ಎಲ್ಲ ಸುಳ್ಳು."

ಸಭಾಂಗಣ ಕುದಿದೆದ್ದಿತು. ಕುರ್ಚಿಗಳು ಉರುಳಿದವು. ಮಗುವನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದ ತಾಯಂದಿರು ವೇದಿಕೆಗೆ ನುಗ್ಗಿದರು. ಕೋಟಿನವರು ಹಿಂದಿನ ಬಾಗಿಲು ಹುಡುಕಿದರು. ಮೇಯರ್ ಟ್ಯಾಂಕರ್ ಕಳಿಸುತ್ತೇನೆ, ಪಂಪು ತರಿಸುತ್ತೇನೆ ಎಂದು ಕೂಗುತ್ತ ಕಾರು ಸೇರಿದರು. ಅವರ ಬಾಟಲಿಯನ್ನು ಯಾರೋ ಅವರ ಬೆನ್ನಿಗೇ ಎಸೆದರು. ಸರಿಯಾಗಿ ತಾಗಿತು.

ಅಬ್ಬಾ, ತಪ್ಪು ನನ್ನ ಕೈಯದಲ್ಲ ಎಂದು ಮಾರಾದೇಬೆಗೆ ಎದೆ ಹಗುರಾಯಿತು. ಗೆದ್ದೆ ಅನ್ನಿಸಿತು. ಹುಡುಗಿ ಗಟ್ಟಿಗಿತ್ತಿ ಎಂದು ಬಾಬಾಲ್ವಾಳ ಹೆಗಲ ಮೇಲೆ ಕೈ ಹಾಕಲು ಹೋದಳು. ಅರ್ಧ ದಾರಿಯಲ್ಲೇ ಕೈ ನಿಂತಿತು.

"ನಿನ್ನ ಒಲೆ ಮೇಲಿನ ಪಾತ್ರೆ," ಎಂದಳು. "ದಿನಾ ಸಂಜೆ ಕುದೀತಿತ್ತಲ್ಲ. ಅದರಲ್ಲಿ ಏನಿತ್ತು?"

ಬಾಬಾಲ್ವಾ ತಲೆ ಎತ್ತಲಿಲ್ಲ. "ನೀರು."

"ಬರೀ ನೀರಾ?"

"ಕುಡಿಯೋಕೆ ಕುದಿಸ್ತಿದ್ದೆ ಅಮ್ಮಾ. ಮಕ್ಕಳಿಗೆ."

"ನೀರು ಸಿಹಿಯಾಗಿದೆ ಅಂತ ನಾನು ಬೇಲಿ ಹತ್ರ ಬಂದು ಹೇಳಿದ್ನಲ್ಲೇ. ಹೌದಾ ಅಮ್ಮಾ ಅಂದ್ಯಲ್ಲೇ."

"ಹೇಳಿದ್ರೆ ನೀವು ಊರಿಗೆಲ್ಲ ಹೇಳ್ತೀರಿ ಅಂತ... ಕೆಲಸ ಹೋಗುತ್ತೆ ಅಂತ ಭಯವಾಯ್ತು."

"ಹೂಂ, ಹೇಳ್ತಿದ್ದೆ. ಊರಿಗೆಲ್ಲ ಹೇಳ್ತಿದ್ದೆ," ಎಂದಳು ಮಾರಾದೇಬೆ. ಕೆನ್ನೆಗೆ ಬಾರಿಸಬೇಕೆಂದು ಕೈ ತುರಿಸಿತು. ಮೇಯರ್ ಎಂದರೆ ಮೇಯರ್, ಅವನಿಂದ ಯಾರು ಏನು ನಿರೀಕ್ಷಿಸಿದ್ದರು? ಇವಳು ಬೇಲಿಯಾಚೆಯ ಹುಡುಗಿ. ಉಪ್ಪು ಮುಗಿದರೆ ಬಟ್ಟಲು ಹಿಡಿದು ಬರುವವಳು. ಲುಲಮಾಗೆ ಜಡೆ ಹಾಕುತ್ತಿದ್ದವಳು. ಚೊಂಬನ್ನು ಅವಳ ಕೈಯಿಂದ ಕಿತ್ತುಕೊಂಡು ಮಾರಾದೇಬೆ ಮನೆಗೆ ನಡೆದಳು.

ಮರುದಿನ ಲುಲಮಾ ಮನೆಗೆ ಬಂದಳು. ಎತ್ತಿಕೊಂಡರೆ ಬರಿಯ ಮೂಳೆಗಳೇ ಕೈಗೆ ಸಿಗುತ್ತಿದ್ದವು. ಟ್ಯಾಂಕರ್ ಬಂದಿರಲಿಲ್ಲ. ಮಾರಾದೇಬೆಯ ಮನೆಯಲ್ಲಿ ಗ್ಯಾಸು ಮುಗಿದು, ಅಂಗಳದ ಸೌದೆ ಹಿಂದಿನ ದಿನದ ಮಳೆಗೆ ನೆನೆದು, ಒಲೆ ಹೊಗೆಯಾಡುತ್ತಿತ್ತೇ ಹೊರತು ಹೊತ್ತುತ್ತಿರಲಿಲ್ಲ. ಊದಿ ಊದಿ ಅವಳ ಕಣ್ಣು ಕೆಂಪಾಗಿತ್ತು.

"ಅಜ್ಜೀ, ನೀರು," ಎಂದಿತು ಮಗು ಹಾಸಿಗೆಯಿಂದ.

ಆಗಲೇ ಬೇಲಿಯ ಗೇಟು ಕಿರುಗುಟ್ಟಿತು. ಬಾಬಾಲ್ವಾ ನಿಂತಿದ್ದಳು, ಕೈಯಲ್ಲಿ ಮುಚ್ಚಳ ಹಾಕಿದ ಬಕೆಟ್. ನೀಲಿ ಅಂಗಿ ಮೈಮೇಲಿರಲಿಲ್ಲ. ಕೆಲಸ ಹೋಗಿತ್ತು.

"ಕುದಿಸಿ ಆರಿಸಿದ್ದು ಅಮ್ಮಾ. ಲುಲಮಾಗೆ."

ಮಾರಾದೇಬೆ ಅವಳನ್ನು ಒಳಗೆ ಕರೆಯಲಿಲ್ಲ. ಒಳಗೆ ಹೋಗಿ ತಗಡಿನ ಚೊಂಬು ತಂದಳು. ಮುಚ್ಚಳ ತೆಗೆದು, ಬಕೆಟ್ಟಿನಲ್ಲಿ ಅದ್ದಿ, ತುಂಬಿದ ಚೊಂಬನ್ನು ಬಾಬಾಲ್ವಾಳ ಮುಖದ ಮುಂದೆ ಹಿಡಿದಳು.

"ಕುಡಿ."

ಹದಿನೈದು ವರ್ಷದಲ್ಲಿ ಈ ಎರಡು ಮನೆಗಳ ನಡುವೆ ಗಂಜಿ ಓಡಾಡಿತ್ತು, ಹೆಂಡ ಓಡಾಡಿತ್ತು, ಬಾಣಂತಿಯ ಕಷಾಯ ಓಡಾಡಿತ್ತು. ಒಬ್ಬರೂ ಒಬ್ಬರನ್ನು ಮೊದಲು ನೀನು ಕುಡಿ ಎಂದು ಕೇಳಿರಲಿಲ್ಲ.

"ಅಮ್ಮಾ, ನನ್ನನ್ನೂ ಹಾಗೆ ಕೇಳ್ತೀರಾ?"

"ಕುಡಿ ಅಂದೆ."

ಅವಳು ಚೊಂಬು ಹಿಡಿದು ಕುಡಿದಳು. ಅಳುತ್ತಲೇ ಕುಡಿದಳು, ಅರ್ಧಕ್ಕೆ ನಿಲ್ಲಿಸಿದಳು.

"ಪೂರ್ತಿ," ಎಂದಳು ಮಾರಾದೇಬೆ.

ಪೂರ್ತಿ ಕುಡಿದು ಅವಳು ಚೊಂಬನ್ನು ಬೋರಲು ಮಾಡಿ ತೋರಿಸಿದಳು. ಮಾರಾದೇಬೆ ಬಕೆಟ್ಟನ್ನು ಎತ್ತಿಕೊಂಡಳು. ಒಳಗಿನಿಂದ ಮಗು ಮತ್ತೆ ನೀರು ಕೇಳಿತು.

"ನಾಳೆನೂ ತಾ," ಎಂದಳು ಹೊಸ್ತಿಲ ಮೇಲೆ ನಿಂತು, ತಿರುಗಿ ನೋಡದೆ. "ನಾಳೆನೂ ಮೊದ್ಲು ನೀನೇ ಕುಡೀಬೇಕು."