ಕನ್ನಡಿಗೊಂದು ಕಾರ್ಡು

ಮಾವನ ಅಂಗಿಯ ಜೇಬಿನಲ್ಲಿ ಕಾರಿನ ಕೀಲಿಗೊಂಚಲು ಸದ್ದು ಮಾಡುತ್ತ ಹಜಾರದ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು, ಮರಳಿ ಬರುತ್ತಿತ್ತು. ಆ ಸದ್ದು ಕೇಳುತ್ತಿರುವಷ್ಟು ಹೊತ್ತು ಸೊಸೆಗೆ ಸಮಾಧಾನ. ನಿಂತರೆ, ಕಾರು ಹತ್ತಿ ಹೊರಟರೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು. ದೂರದೂರಿನ ಬಸ್ಸು ಓಡಿಸಿಯೇ ತಲೆ ನರೆತ ಮನುಷ್ಯ ಅವರು. ಕಣ್ಣಿನ ಅಂಚು ಮಸುಕಾಗುತ್ತಿದೆ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ವೈದ್ಯರು ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಂಡಿರಲಿಲ್ಲ. ಮೊಮ್ಮಗಳನ್ನು ಶಾಲೆಯಿಂದ ಕಾರಿನಲ್ಲಿ ಕರೆತರುವುದನ್ನೂ ಬಿಟ್ಟಿರಲಿಲ್ಲ.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸೊಸೆಗೆ ಆಗ ಹೊಳೆದದ್ದು, ಅವರು ಮನೆಯಲ್ಲೇ ಕೂತು ಓಡಿಸಲೆಂದು ಒಂದು ಕಂಪ್ಯೂಟರು. ಬಸ್ಸು ಓಡಿಸುವ ಆಟ, ಕೈಗೆ ನಿಜವಾದ ಸ್ಟೀರಿಂಗ್, ಎದುರಿಗೆ ರಸ್ತೆ ತೋರಿಸುವ ದೊಡ್ಡ ಪರದೆ, ಎಡಕ್ಕೂ ಬಲಕ್ಕೂ ಕನ್ನಡಿಯ ಜಾಗದಲ್ಲಿ ಒಂದೊಂದು ಚಿಕ್ಕ ಪರದೆ.

"ನಿನ್ನ ಡಬ್ಬ ನನ್ನ ಬಸ್ಸಿನ ಹಾಗೆ ಓಡ್ಲಿ, ಕೀ ನಿನ್ನ ಕೈಗೆ ಕೊಡ್ತೀನಿ ಟೀಚರಮ್ಮ," ಎಂದಿದ್ದರು ಮಾವ. "ಓಡ್ಲಿಲ್ಲ ಅಂದ್ರೆ ಗಂಡ ಹೆಂಡ್ತಿ ಇಬ್ರೂ ಬಾಯಿಗೆ ಬೀಗ ಹಾಕ್ಕೋಬೇಕು."

ಮೂರು ಪರದೆಯ ಚಿತ್ರವನ್ನು ಪರದೆಗೆ ಚಿತ್ರ ಬಿಡಿಸಿಕೊಡುವ ಒಂದೇ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೇರಿದರೆ ಅದು ಏದುಸಿರು ಬಿಡುತ್ತದೆ. ಹಾಗಾಗಿ ರಸ್ತೆಗೊಂದು, ಕನ್ನಡಿಗೊಂದು ಎಂದು ಎರಡು ಕಾರ್ಡು ಬೇಕಿತ್ತು. ಅಂಗಡಿಯಲ್ಲಿ ಅವಳು ಅಳತೆಪಟ್ಟಿ ಹಿಡಿದು ಕಂಪ್ಯೂಟರಿನ ಪೆಟ್ಟಿಗೆಯ ಒಳಗೇ ತಲೆ ತೂರಿಸಿದಳು. ಎರಡೂ ದಪ್ಪನೆಯವಾದರೆ ನಡುವೆ ಬೆರಳು ತೂರುವಷ್ಟೂ ಜಾಗ ಉಳಿಯದು. ಕೆಳಗಿನದರ ಬಿಸಿ ಗಾಳಿಗೆ ಮೇಲಿನದು ಬೇಯುತ್ತದೆ. ತೆಗೆದಳು, ಇಟ್ಟಳು, ಮತ್ತೆ ತೆಗೆದಳು.

"ಮದ್ವೆಗೆ ಹುಡುಗನ್ನ ಆರಿಸೋವಾಗ್ಲೂ ಇಷ್ಟು ತಲೆ ಕೆಡಿಸ್ಕೊಂಡಿರಲ್ಲ ನೀವು," ಎಂದು ನಕ್ಕ ಅಂಗಡಿಯವನು.

"ಅದಕ್ಕೇ ಈಗ ಕೆಡಿಸ್ಕೊಳ್ತಿರೋದು."

ಕೊನೆಗೆ ರಸ್ತೆಗೆ ದೊಡ್ಡ ಕಾರ್ಡು, ಕನ್ನಡಿಗೆ ತೆಳುವಾದ, ಅಗ್ಗದ ಕಾರ್ಡು ಆರಿಸಿದಳು. ಕನ್ನಡಿಯಲ್ಲಿ ಇರುವುದಾದರೂ ಏನು, ದಾಟಿ ಬಂದ ರಸ್ತೆ ತಾನೇ? ಅಂಗಡಿಯವನೂ ಅಷ್ಟು ಸಾಕೆಂದ.

ಭಾನುವಾರ ಬೆಳಿಗ್ಗೆ ಮಾವ ಸ್ಟೀರಿಂಗ್ ಹಿಡಿದರು. ಗೇರು ಬಿದ್ದಿತು, ಭುಜ ಸಡಿಲವಾಯಿತು, ಮುಖದಲ್ಲಿ ಹಳೆಯ ಠೀವಿ ಬಂತು. ಮುಂದಿನ ಲಾರಿಯನ್ನು ಹಿಂದಿಕ್ಕಲು ಬಲಗನ್ನಡಿ ನೋಡಿದರು. ಖಾಲಿ. ಬಲಕ್ಕೆ ಎಳೆದರು. ಧಡ್! ಹಿಂದಿನಿಂದ ಬಂದ ಕಾರು ಬಸ್ಸಿನ ಪಕ್ಕೆಗೆ ಬಡಿದಿತ್ತು. ಮತ್ತೆ ಹೊರಟರು. ಮತ್ತೆ ಧಡ್!

ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಆಮೇಲೆ ಜೇಬಿನಿಂದ ಕೀಲಿ ತೆಗೆದು ಕಂಪ್ಯೂಟರಿನ ನೆತ್ತಿಯ ಮೇಲಿಟ್ಟರು.

"ಡಾಕ್ಟ್ರು ಹೇಳಿದ್ದೇ ಸರಿ ಕಣಮ್ಮ. ನನ್ನ ಕಣ್ಣಿಗೆ ಎಲ್ಲಾ ತಡವಾಗಿ ಬೀಳ್ತಿದೆ."

ಅವರ ಬೆನ್ನ ಹಿಂದೆ ನಿಂತು ಸೊಸೆ ಕಂಡಿದ್ದಳು: ಕಾರು ಬಸ್ಸಿನ ಪಕ್ಕಕ್ಕೆ ಬಂದಾದ ಮೇಲಷ್ಟೇ ಅದರ ಬಿಂಬ ಕನ್ನಡಿಯಲ್ಲಿ ಮೂಡುತ್ತಿತ್ತು. ತೆಳು ಕಾರ್ಡು ಹಿಂದೆ ಬೀಳುತ್ತಿತ್ತು. ಬಾಗಿಲಲ್ಲಿ ನಿಂತ ಗಂಡನಿಗೂ ಅರ್ಥವಾಗಿತ್ತು. ಸುಮ್ಮನಿರು ಎಂದು ಬಾಯಿಯ ಮೇಲೆ ಬೆರಳಿಟ್ಟ. ಅವಳು ಕೀಲಿ ಎತ್ತಿಕೊಂಡಳು. ಇನ್ನೂ ಜೇಬಿನ ಬಿಸಿ ಆರಿರಲಿಲ್ಲ. ಅಡುಗೆಮನೆಯವರೆಗೆ ಹೋದಳು, ಅಲ್ಲಿಂದ ಹಜಾರಕ್ಕೆ ಬಂದಳು, ಇಟ್ಟಿದ್ದಲ್ಲೇ ಇಟ್ಟಳು.

"ಮಾವ, ತಡ ಮಾಡಿದ್ದು ನಿಮ್ಮ ಕಣ್ಣಲ್ಲ, ಕನ್ನಡಿ. ನಾನು ಆರಿಸಿದ ಕಾರ್ಡಿಗೆ ಅಷ್ಟು ಶಕ್ತಿ ಇಲ್ಲ."

ಗಂಡ ಹಣೆ ಹಣೆ ಚಚ್ಚಿಕೊಂಡ. ಮಾವನ ಕೈ ಕೀಲಿಯತ್ತ ಚಾಚಿ ನಡುವೆಯೇ ನಿಂತಿತು.

"ರಿಪೇರಿ ಆಗುತ್ತಾ?"

"ಆಗುತ್ತೆ. ದೊಡ್ಡ ಪೆಟ್ಟಿಗೆ ತಂದು ಎರಡೂ ಒಂದೇ ಥರದ್ದು ಹಾಕ್ಬೇಕು."

"ಹಾಕು ಮತ್ತೆ. ಆಮೇಲೂ ಗುದ್ದಿದ್ರೆ ಕಣ್ಣಿಂದೇ ತಪ್ಪು. ಅಲ್ಲೀವರೆಗೂ ಕೀ ಇಲ್ಲೇ ಬಿದ್ದಿರ್ಲಿ, ಮಗೂನ ನೀನೇ ಕರ್ಕೊಂಡು ಬಾ." ಮಗನತ್ತ ತಿರುಗಿ, "ನೀನು ಬಾಗ್ಲಲ್ಲಿ ನಿಂತು ಸಿಗ್ನಲ್ ಕೊಡೋದು ಬಿಡೋ, ಕಂಡಕ್ಟರ್!" ಎಂದರು.

ಮಧ್ಯಾಹ್ನವೆಲ್ಲ ಅವಳು ಆನ್‌ಲೈನಿನಲ್ಲಿ ಕಾರ್ಡುಗಳನ್ನು ತೂಗಿ ನೋಡಿದಳು. ಸ್ವಲ್ಪ ಸೋಮಾರಿಯಾದದ್ದನ್ನು ಆರಿಸಿದರೆ ಮಾವ ಮತ್ತೆ ಗುದ್ದಿ ಕಣ್ಣನ್ನೇ ದೂರುತ್ತಿದ್ದರು, ಯಾರಿಗೂ ತಿಳಿಯುತ್ತಿರಲಿಲ್ಲ. ಕುಳಿತಳು, ಎದ್ದಳು, ಮತ್ತೆ ಕುಳಿತಳು. ಕೊನೆಗೆ ಎರಡೂ ಒಂದೇ ಮಾದರಿಯ, ರೆಪ್ಪೆ ಮಿಟುಕಿಸುವಷ್ಟೂ ತಡ ಮಾಡದ ಕಾರ್ಡುಗಳಿಗೂ ದೊಡ್ಡ ಪೆಟ್ಟಿಗೆಗೂ ಆರ್ಡರು ಒತ್ತಿದಳು. ಹಜಾರದಲ್ಲಿ ಮಾವನ ಹೆಜ್ಜೆಗಳು ಇನ್ನೂ ನಿಂತಿರಲಿಲ್ಲ. ಕೀಲಿಯ ಸದ್ದು ಮಾತ್ರ ಇರಲಿಲ್ಲ.