ಕೊಸರಿನ ಹಾಡು

ಪಟ್ಟಿಯಲ್ಲಿ ಏಳು ಸಾಲುಗಳಿದ್ದವು. ಆರನ್ನು ಕಾಂಚನಮಾಲಾ ಒಂದೇ ಸಂಜೆ ಬರೆದು ಮುಗಿಸಿದ್ದಳು. ನಲವತ್ತು ವರ್ಷ ಸಂಸಾರ ಮಾಡಿದ ಮೇಲೆ ಪ್ರೀತಿಸತೊಡಗಿದ ಗಂಡ ಹೆಂಡಿರ ಕಾದಂಬರಿ, ಕುಂಟುಕಾಲಿನ ಮೇಷ್ಟ್ರೊಬ್ಬರು ತಮ್ಮನ್ನೇ ಗೇಲಿ ಮಾಡಿಕೊಂಡು ಬರೆದ ಆತ್ಮಕಥೆ, ಬೆಳಗಿನ ಹೊತ್ತು ಕೇಳಬೇಕಾದ ಒಂದು ಕೊಳಲು, ಹೀಗೆ. ಪ್ರತಿಯೊಂದರ ಮುಂದೆ ಎಲ್ಲಿಂದ ಶುರುಮಾಡಬೇಕು, ಯಾವುದನ್ನು ಬೇಜಾರಾದಾಗ ಮುಟ್ಟಬಾರದು ಎಂದೂ ಇತ್ತು. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳ ಅಭ್ಯಾಸ. ಏಳನೆಯ ಸಾಲಿನಲ್ಲಿ ಮಾತ್ರ ‘ಆ ಹಾಡು’ ಎಂದು ಬರೆದು ಪೆನ್ನು ನಿಂತಿತ್ತು.

ಪಟ್ಟಿ ಕೇಳಿದವಳು ಅಣ್ಣನ ಮಗಳು ಸಿದ್ಧಿ. ಕೆನ್ನೆಯ ಮೇಲೆ ತೊನ್ನಿನ ಬಿಳಿ ಮಚ್ಚೆ ಕಾಣಿಸಿಕೊಂಡಾಗಿನಿಂದ ಅವಳು ಹಾಸನದ ಕಾಲೇಜಿಗೆ ಹೋಗಿರಲಿಲ್ಲ. ಹಳೇಬೀಡಿನಲ್ಲಿ ಅತ್ತೆಯ ಮನೆಯಲ್ಲೇ ಇದ್ದು, ಯಾರಾದರೂ ಬಂದರೆ ಒಳಕೋಣೆ ಸೇರಿಬಿಡುತ್ತಿದ್ದಳು.

“ನಿಮಗೂ ನನ್ನ ವಯಸ್ಸಲ್ಲೇ ಬಂದಿದ್ದಲ್ವಾ ಅತ್ತೆ? ಆಗ ಏನ್ ಓದಿದ್ರೋ, ಏನ್ ಕೇಳಿದ್ರೋ ಅದನ್ನ ಹೇಳಿ. ಬುದ್ಧಿಮಾತು ಮಾತ್ರ ಬೇಡ.”

ನಿಜಕ್ಕೂ ಕಾಂಚನಮಾಲಾಳನ್ನು ಎತ್ತಿ ನಿಲ್ಲಿಸಿದ್ದು ಏಳನೆಯದೇ. ಅವಳು ಅರಸೀಕೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಸ್ಟೇಷನ್ ರಸ್ತೆಯಲ್ಲಿ ಉಮಾಶಂಕರನ ಕ್ಯಾಸೆಟ್ ಅಂಗಡಿ ಇತ್ತು. ಬೇಕಾದ ಹಾಡುಗಳ ಚೀಟಿ ಕೊಟ್ಟರೆ ತುಂಬಿಸಿಕೊಡುತ್ತಿದ್ದ. ಕೊನೆಯಲ್ಲಿ ಟೇಪು ಮಿಕ್ಕರೆ ಖಾಲಿ ಬಿಡುತ್ತಿರಲಿಲ್ಲ. ಸೊಪ್ಪಿನವಳು ಕೊಸರು ಹಾಕುವ ಹಾಗೆ ತನ್ನ ಕಡೆಯಿಂದ ಒಂದು ಹಾಡು ಸೇರಿಸುತ್ತಿದ್ದ. ಅವಳ ಕ್ಯಾಸೆಟ್ಟಿಗೆ ಬಿದ್ದದ್ದು ಯಾವುದೋ ಹೆಂಗಸಿನ ದನಿ, ವಾದ್ಯವಿಲ್ಲ, ತಾಳವಿಲ್ಲ. ಕೆರೆಯ ನೀರಿನಲ್ಲಿ ಕಂಡ ಚೆಂದದ ಮುಖ ಯಾರ ಮನೆಯ ಹೆಣ್ಣಿನದೆಂದು ಕೇಳುತ್ತಾ ಹೋದವಳು, ಅದು ತನ್ನದೇ ಎಂದು ಗೊತ್ತಾಗುವ ಕಡೆ ಹಾಡು ಬಿಟ್ಟು ಜೋರಾಗಿ ನಕ್ಕುಬಿಡುತ್ತಾಳೆ. ಆ ನಗುವಿಗಾಗಿ ಟೇಪನ್ನು ಎಷ್ಟು ಸಲ ಹಿಂದಕ್ಕೆ ಸುತ್ತಿದ್ದಳೋ! ಕತ್ತಿನ ಮಚ್ಚೆಗೆ ಸೆರಗು ಹೊದೆಯುವುದನ್ನು ಬಿಟ್ಟದ್ದು ಆ ಚಳಿಗಾಲದಲ್ಲೇ. ಅಂಗಡಿಯವನು ತನ್ನನ್ನು ನೋಡಿ, ತನಗೆಂದೇ ಆರಿಸಿದ ಹಾಡದು ಎಂದು ಅವಳು ನಂಬಿದ್ದಳು. ಒಂದೆರಡು ವರ್ಷ ಆ ನಂಬಿಕೆಗೆ ಪ್ರೀತಿಯ ಬಣ್ಣವೂ ಇತ್ತು.

ಕ್ಯಾಸೆಟ್ಟು ಬೂಷ್ಟು ಹಿಡಿದು ಹಾಳಾಗಿತ್ತು. ಹಾಡಿದವರ ಹೆಸರಾದರೂ ಬೇಕಲ್ಲ? ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ಹತ್ತಿದಳು.

ಅಂಗಡಿ ಅಲ್ಲೇ ಇತ್ತು. ಒಳಗೆ ಈಗ ಮೊಬೈಲ್ ಕವರು, ಚಾರ್ಜರು. ತಲೆ ನೆರೆತ ಉಮಾಶಂಕರನಿಗೆ ಅವಳ ಗುರುತು ಹತ್ತಲಿಲ್ಲ. ಹಾಡಿನ ಗುರುತು ಹತ್ತಿತು.

“ಓಹೋ, ನಗೋ ಹಾಡಾ! ಗಂಡಸಿ ಊರಿನ ನಮ್ಮ ರಂಗಮ್ಮತ್ತೇದು ಕಣಮ್ಮ. ಹೊಸ ಮೈಕ್ ಟೆಸ್ಟ್ ಮಾಡೋಕೆ ‘ಹಾಡು ಅತ್ತೆ’ ಅಂದೆ. ಹಾಡ್ತಾ ಹಾಡ್ತಾ ನಕ್ಕುಬಿಟ್ಲು. ಆಮೇಲೆ ಕೇಳಿದ್ರೆ, ಮೈಕ್ ತೋರ್ಸಿ ‘ಮೂತಿಗೆ ಬದನೇಕಾಯಿ ಹಿಡಿದವ್ನೆ’ ಅಂದ್ಲು.”

“ಅದನ್ನ ನನ್ನ ಕ್ಯಾಸೆಟ್ಟಿಗೆ ಯಾಕೆ ಹಾಕಿದ್ರಿ?”

“ನಿಮ್ದೊಂದಕ್ಕಾ? ನಾಕು ನಿಮಿಷ ಮಿಕ್ಕಿದ್ದಕ್ಕೆಲ್ಲ ಅದೇ! ಕೊಬ್ಬರಿ ಮಂಡಿ ನಂಜಪ್ಪ ಜಗಳಕ್ಕೇ ಬಂದಿದ್ದ, ‘ದೇವರನಾಮ ತುಂಬ್ಸು ಅಂದ್ರೆ ಕೊನೇಲಿ ಯಾವಳೋ ಹಲ್ಲು ಕಿರೀತಾಳಲ್ಲೋ’ ಅಂತ.”

ಅವನ ಬಳಿ ಒಂದು ಪ್ರತಿಯೂ ಉಳಿದಿರಲಿಲ್ಲ. ರಂಗಮ್ಮ ತೀರಿಕೊಂಡು ಹನ್ನೆರಡು ವರ್ಷವಾಗಿತ್ತಂತೆ.

ಬಸ್ಸಿನಲ್ಲಿ ಕಾಂಚನಮಾಲಾಳಿಗೆ ಮೊದಲು ನಾಚಿಕೆಯಾಯಿತು. ಏಳನೆಯ ಸಾಲನ್ನು ಹೊಡೆದುಹಾಕಲೇ? ಇಲ್ಲ, ತನಗೆಂದೇ ಆರಿಸಿದ್ದೆಂಬ ಹಳೆಯ ಕಥೆಯನ್ನೇ ಹೇಳಿಬಿಡಲೇ? ಹುಡುಗಿಗೆ ಅದೇ ಹೆಚ್ಚು ಹಿತವಾದೀತು. ಆದರೆ ಆ ಚಳಿಗಾಲದಲ್ಲಿ ಹಗುರಾದ ಕತ್ತು ತನ್ನದೇ ತಾನೆ? ಅದಂತೂ ಸುಳ್ಳಾಗಿರಲಿಲ್ಲ. ಮನೆ ತಲುಪಿದವಳೇ ಕಂಡದ್ದನ್ನು ಕಂಡಹಾಗೆ ಹೇಳಿದಳು.

ಸಿದ್ಧಿ ಹುಬ್ಬೇರಿಸಿದಳು. “ಅಂದ್ರೆ ಬದನೇಕಾಯಿ ನೋಡಿ ನಕ್ಕಿದ್ದಕ್ಕಾ ಅತ್ತೆ ನೀವು ಸೆರಗು ಬಿಟ್ಟಿದ್ದು?”

“ಹೂಂ ಕಣೇ.”

“ಅಯ್ಯೋ ದೇವ್ರೇ!” ಎರಡು ತಿಂಗಳಲ್ಲಿ ಮೊದಲ ಸಲ ಹುಡುಗಿ ಹೊಟ್ಟೆ ಹಿಡಿದು ನಕ್ಕಳು. “ಎಲ್ಲಿ, ಹಾಡಿ ನೋಡೋಣ.”

ಕಾಂಚನಮಾಲಾ ಜನ್ಮದಲ್ಲಿ ಹಾಡಿದವಳಲ್ಲ. ಗಂಟಲು ಸರಿಮಾಡಿಕೊಂಡು ಎತ್ತಿದ ದನಿ ಮೊದಲ ಸಾಲಿನಲ್ಲೇ ಒಡೆಯಿತು. ಎರಡನೆಯದಕ್ಕೆ ತಡಕಾಡುತ್ತಿರುವಾಗ ಪಕ್ಕದ ಮನೆಯ ಹೇಮಾಶ್ರೀ ಬಾಗಿಲು ಬಡಿದಳು.

“ಕಾಂಚನಕ್ಕ, ಏನಾಯ್ತ್ರೀ? ಯಾರಿಗಾದ್ರೂ ಹುಷಾರಿಲ್ವಾ?”

ಕಾಂಚನಮಾಲಾ ಏಳುವಷ್ಟರಲ್ಲಿ ಸಿದ್ಧಿಯೇ ಹೋಗಿ ಚಿಲಕ ತೆಗೆದಳು. ಸಂಜೆಯ ಬಿಸಿಲು ನೇರ ಅವಳ ಕೆನ್ನೆಗೆ ಬಿತ್ತು.

“ಒಳಗೆ ಬನ್ನಿ ಹೇಮಕ್ಕ. ಅತ್ತೆಗೆ ಎರಡನೇ ಸಾಲು ಮರ್ತೋಗಿದೆ. ನಿಮಗೇನಾದ್ರೂ ಬರುತ್ತಾ?”