ಸೀಬೆ ಸಸಿಗೆ ಜಾಗ

ಗಂಡನ ಅಣ್ಣನ ಮನೆಯಲ್ಲಿ ಸ್ಟೌ ಹಚ್ಚುವುದಕ್ಕೂ ಅವಳಿಗೆ ಓರಗಿತ್ತಿಯ ಅಪ್ಪಣೆ ಬೇಕಿತ್ತು. ವರ್ಷದೊಳಗೆ ಬೇರೆ ಮನೆ ಮಾಡೋಣವೆಂದು ಗಂಡ ಮಾತು ಕೊಟ್ಟಿದ್ದ. ಅದನ್ನು ನಂಬಿಯೇ ಅವಳು ಕೈತೋಟ ಶುರುಮಾಡಿದಾಗ ಎಲ್ಲವನ್ನೂ ಕುಂಡದಲ್ಲಿ ಹಾಕಿದಳು. ಹೊರಡುವಾಗ ಟೊಮೆಟೊ, ಮೆಣಸಿನ ಗಿಡಗಳೂ ಜೊತೆಗೆ ಬರಬೇಕು. ತೋಟದ ಕೆಲಸಕ್ಕೆ ಹೊಸಬಳು, ನೀರು ಹೆಚ್ಚಾಗಿ ಮೊದಲ ಸಸಿಗಳು ಕೊಳೆತವು. "ನಿನ್ನ ಕೈಲಿ ಕಳ್ಳಿಯೂ ಬದುಕಲ್ಲ ಬಿಡು" ಎಂದು ಓರಗಿತ್ತಿ ನಕ್ಕಿದ್ದಳು. ಈಗ ಮೆಣಸು ಹೂ ಬಿಟ್ಟಿತ್ತು.

ಭಾನುವಾರ ಗಂಡ ಸೀಬೆ ಸಸಿ ತಂದವನೇ ಹಿತ್ತಲಲ್ಲಿ ಗುಂಡಿ ತೋಡತೊಡಗಿದ.

"ದೊಡ್ಡ ಡ್ರಮ್ ಇದೆಯಲ್ರೀ, ಅದರಲ್ಲಿ ಹಾಕಿ."

"ಡ್ರಮ್ಮಲ್ಲಿ ಎಷ್ಟು ಅಂತ ಬೆಳೆಯುತ್ತೆ ಕಣೇ? ನೆಲದಲ್ಲಾದ್ರೆ ಮೂರು ವರ್ಷಕ್ಕೆ ಬುಟ್ಟಿಗಟ್ಟಲೆ ಹಣ್ಣು."

"ಮೂರು ವರ್ಷಕ್ಕೆ ನಾವೆಲ್ಲಿರ್ತೀವಿ?"

ಅವನು ತಲೆಯೆತ್ತಲಿಲ್ಲ. "ಜಾಗ ಅಣ್ಣನೇ ತೋರಿಸಿದ" ಎಂದ.

ಅಣ್ಣತಮ್ಮಂದಿರು ಮಾತಾಡಿ ಮುಗಿಸಿದ್ದರು. ಅವಳಿಗೆ ಹೇಳುವುದೊಂದೇ ಬಾಕಿ ಇತ್ತು. ಅವಳು ಸಸಿಯನ್ನು ಎತ್ತಿ ಎದೆಗವಚಿಕೊಂಡಳು.

"ಮೊದಲು ಎದ್ದು ನಿಲ್ಲಿ. ಬೇರೆ ಮನೆ ಮಾಡಲ್ಲ ಅಂತ ನನ್ನ ಮುಖ ನೋಡಿ ಹೇಳಿ. ಆಮೇಲೆ ನೆಡುವಿರಂತೆ."

ಅವನು ಗುದ್ದಲಿಗೆ ಮೆತ್ತಿದ್ದ ಮಣ್ಣನ್ನು ಕೆರೆಯುತ್ತಲೇ ಇದ್ದ.